38ನೇ ವಯಸ್ಸಿನಲ್ಲಿ ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ದುಡ್ಡು ಹಾಕಬಹುದಾ? ಮಾಡಿದವರು ಅನುಭವ ಹೇಳಿ

ಹೊಸ ಹಾದಿ:
ಎಲ್ಲರಿಗೂ ನಮಸ್ಕಾರ. ನನಗೆ 38. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇತ್ತು, ಆ ತೊಂದರೆ ಇಲ್ಲ. ಹೆಂಡತಿ ಟೀಚರ್, ಮಗಳು ಆರನೇ ಕ್ಲಾಸ್. ತುಮಕೂರಿನಲ್ಲಿ ಒಂದು ಸೈಟ್ ಇದೆ, ಮಾರಿದರೆ 35 ಲಕ್ಷ ಬರಬಹುದು. ಉಳಿದದ್ದಕ್ಕೆ ಸಾಲ ಮಾಡಬೇಕು. ಪೈಲಟ್ ಕಲಿಕೆಗೆ ಮೊದಲು ಮಾಡಿಸುವ ಕ್ಲಾಸ್ 2 ಮೆಡಿಕಲ್ ಆಗಿದೆ. ಇಲ್ಲೇ ಕಲಿಯುವುದಾ, ಹೊರದೇಶಕ್ಕೆ ಹೋಗುವುದಾ? 35 ದಾಟಿದ ಮೇಲೆ ಹೊರಟವರಿಗೆ ಒಟ್ಟು ಎಷ್ಟು ಖರ್ಚಾಯಿತು, ಕೆಲಸ ಸಿಕ್ಕಿತಾ? ದಯವಿಟ್ಟು ಬಿಡಿಸಿ ಹೇಳಿ.

ಮಾಜಿ ಬ್ಯಾಂಕಿಗ:
ಬ್ಯಾಂಕ್ ಕೆಲಸ ಬಿಟ್ಟಾಗ ನನಗೆ 36. ಇಲ್ಲೇ, ನಮ್ಮ ದೇಶದಲ್ಲೇ ಕಲಿತೆ. ಸ್ಕೂಲಿನ ಹೆಸರು ಹೇಳುವುದಿಲ್ಲ, ಲೆಕ್ಕ ಹೇಳುತ್ತೇನೆ.

200 ಗಂಟೆಯ ಪ್ಯಾಕೇಜ್ 42 ಲಕ್ಷ. ಅದರ ಮೇಲೆ 18% ಜಿಎಸ್‌ಟಿ, ಅಂದರೆ 7 ಲಕ್ಷ 56 ಸಾವಿರ. ಅಲ್ಲಿಗೆ 49 ಲಕ್ಷ 56 ಸಾವಿರ. ಗ್ರೌಂಡ್ ಕ್ಲಾಸ್ ಬೇರೆ ಕಡೆ, 2 ಲಕ್ಷ 40 ಸಾವಿರ. ಆರ್‌ಟಿಆರ್ (ವಿಮಾನದ ರೇಡಿಯೋ ಬಳಸುವ ಲೈಸೆನ್ಸ್) ಕೋಚಿಂಗ್ 40 ಸಾವಿರ. ಹಾಸ್ಟೆಲ್ ಊಟ ಸೇರಿಸಿ ತಿಂಗಳಿಗೆ 14 ಸಾವಿರ. ಹೆಡ್‌ಸೆಟ್, ಯೂನಿಫಾರ್ಮ್, ಚಾರ್ಟ್ ಎಲ್ಲ ನಮ್ಮದೇ. ಪರೀಕ್ಷೆ ಬರೆಯಲು ಓಡಾಡಿದ ರೈಲು, ಲಾಡ್ಜ್ ಖರ್ಚು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಇಷ್ಟಾದರೂ ಪರವಾಗಿಲ್ಲ ಅನ್ನಬಹುದಿತ್ತು. ನನ್ನನ್ನು ಹಣ್ಣು ಮಾಡಿದ್ದು ಕಾಯುವಿಕೆ. ಬೆಳಗ್ಗೆ ಐದೂವರೆಗೆ ಆಪ್ಸ್ ರೂಮಿನಲ್ಲಿ ಇರಬೇಕು. ಬಿಳಿ ಬೋರ್ಡಿನ ಮೇಲೆ ವಿಮಾನದ ನಂಬರ್, ಎದುರಿಗೆ ಹುಡುಗರ ಹೆಸರು. ಐದು ವಿಮಾನದಲ್ಲಿ ಒಂದು 100 ಗಂಟೆಯ ಇನ್‌ಸ್ಪೆಕ್ಷನ್‌ಗೆ ಹೋಗಿರುತ್ತಿತ್ತು. ಒಂದಕ್ಕೆ ಮ್ಯಾಗ್ನೆಟೋ ಬಂದಿಲ್ಲ. ಇನ್ನೊಂದರ ಟೈರ್ ಸವೆದಿದೆ. ಉಳಿದ ಎರಡಕ್ಕೆ ನಲವತ್ತು ಜನ. ಇನ್‌ಸ್ಟ್ರಕ್ಟರ್ ಬಂದು ಬೆರಳಿನಲ್ಲೇ ನನ್ನ ಹೆಸರು ಒರೆಸಿ 'ನಾಳೆ ನೋಡೋಣ' ಅನ್ನುತ್ತಿದ್ದರು. ಹೊರಗೆ ಬಿಸಿಲು, ಗಾಳಿ ಶಾಂತ, ಹಾರಲು ಹೇಳಿ ಮಾಡಿಸಿದ ಬೆಳಗು. ನಾನು ಚಹಾ ಕುಡಿದು ಹಾಸ್ಟೆಲ್‌ಗೆ ವಾಪಸ್. ಚಳಿಗಾಲದಲ್ಲಿ ಮಂಜು, ಮಳೆಗಾಲದಲ್ಲಿ ಮೋಡ. ವಿಸಿಬಿಲಿಟಿ ಬರುವಷ್ಟರಲ್ಲಿ ಸ್ಲಾಟ್ ಮುಗಿದಿರುತ್ತಿತ್ತು.

ತಡವಾದರೆ ಏನಾಗುತ್ತದೆ ಗೊತ್ತಾ? ರೂಲ್ ಪ್ರಕಾರ 100 ಗಂಟೆ ಪಿಐಸಿಯಲ್ಲಿ (ವಿಮಾನದ ಹೊಣೆ ನಾವೇ ಹೊತ್ತು ಹಾರಿದ ಗಂಟೆ) 15 ಗಂಟೆ ಅರ್ಜಿ ಹಾಕುವ ಹಿಂದಿನ 6 ತಿಂಗಳ ಒಳಗಿರಬೇಕು. ರಾತ್ರಿಯ 10 ಟೇಕಾಫ್, 10 ಲ್ಯಾಂಡಿಂಗ್ ಕೂಡ ಅಷ್ಟರೊಳಗೇ. ವಿಮಾನ ಅವರದ್ದು ಕೆಟ್ಟಿತ್ತು, ಅವಧಿ ನನ್ನದು ಮುಗಿಯಿತು. ಮತ್ತೆ ಹಾರಲು 2 ಲಕ್ಷ 80 ಸಾವಿರ ಕಟ್ಟಿಸಿಕೊಂಡರು. ಅದಕ್ಕೂ ಜಿಎಸ್‌ಟಿ!

ಈಗ ಲೈಸೆನ್ಸ್ ಇದೆ, ಏರ್‌ಲೈನ್ ಕೆಲಸ ಇಲ್ಲ. ಹುಡುಗರಿಗೆ ನ್ಯಾವಿಗೇಷನ್, ಮೆಟ್ (ಹವಾಮಾನ) ಪಾಠ ಮಾಡುತ್ತೇನೆ. ಚೆನ್ನಾಗಿ ಮಾಡುತ್ತೇನೆ.

ಬಾನಾಡಿ:
ಮೇಲಿನದು ಓದಿ ಯಾರೂ ಹೆದರಬೇಡಿ. ನಾನು ಔಷಧ ಕಂಪನಿಯ ಲ್ಯಾಬ್ ಕೆಲಸ ಬಿಟ್ಟಾಗ 34, ಮಗನಿಗೆ ನಾಲ್ಕು ವರ್ಷ. ಈಗ ಎಟಿಆರ್ 72 ಪ್ರಯಾಣಿಕ ವಿಮಾನದಲ್ಲಿ ಫಸ್ಟ್ ಆಫೀಸರ್ (ಕೋ ಪೈಲಟ್) ಇದ್ದೇನೆ. ಆಗುತ್ತದೆ.

ನಾನು ದಕ್ಷಿಣ ಆಫ್ರಿಕಾಕ್ಕೆ ಹೋದೆ. ಇಲ್ಲಿ ಹಾಸ್ಟೆಲ್‌ನಲ್ಲಿ ಕೂತು ವಯಸ್ಸು ಕಳೆಯಲು ನನಗೆ ಟೈಮ್ ಇರಲಿಲ್ಲ. ಅಲ್ಲಿ ವಾರಕ್ಕೆ ಐದು ದಿನ ಹಾರಿದ್ದೂ ಇದೆ. ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಸೇರಿಸಿ ಸ್ಕೂಲಿಗೆ 31 ಲಕ್ಷ. ಮನೆ ಬಾಡಿಗೆ, ಊಟ, ವೀಸಾ, ವಿಮೆ, ಟಿಕೆಟ್ ಎಲ್ಲ ಸೇರಿ 8 ಲಕ್ಷ. ದುಡ್ಡು ಕಳಿಸುವಾಗ ಟಿಸಿಎಸ್ (ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿದರು, ಅದು ರಿಟರ್ನ್ಸ್ ಹಾಕಿದ ಮೇಲೆ ಬಂತು. ಆದರೆ ಅಲ್ಲಿಯವರೆಗೆ ಕೈಯಿಂದ ಹೋದಂತೆಯೇ ಲೆಕ್ಕ.

ವಾಪಸ್ ಬಂದ ಮೇಲೆ ಕನ್ವರ್ಷನ್, ಅಂದರೆ ಅಲ್ಲಿನ ಲೈಸೆನ್ಸನ್ನು ಇಲ್ಲಿನದಾಗಿ ಬದಲಿಸುವುದು ಇದೆ, ಅದನ್ನು ಯಾವ ಏಜೆಂಟೂ ಸರಿಯಾಗಿ ಹೇಳುವುದಿಲ್ಲ. ಕಾಂಪೊಸಿಟ್ ಪೇಪರ್ (ನ್ಯಾವಿಗೇಷನ್, ಮೆಟ್ ಸೇರಿದ ಪರೀಕ್ಷೆ), ರೆಗ್ಯುಲೇಷನ್ಸ್, ಆರ್‌ಟಿಆರ್. ಡಿಜಿಸಿಎ (ಇಲ್ಲಿ ಲೈಸೆನ್ಸ್ ಕೊಡುವ ವಿಮಾನಯಾನ ಇಲಾಖೆ) ಆ ದೇಶಕ್ಕೆ ಬರೆದು ಲೈಸೆನ್ಸ್ ನಿಜವಾ ಅಂತ ಕೇಳುತ್ತದೆ. ಉತ್ತರ ಬರುವವರೆಗೆ ಫೈಲ್ ಅಲ್ಲಾಡುವುದಿಲ್ಲ. ಅಷ್ಟರಲ್ಲಿ ಸ್ಕಿಲ್ ಟೆಸ್ಟ್‌ಗೆ ಇಲ್ಲಿನ ಸ್ಕೂಲಿನಲ್ಲಿ ಡಿಎ 42 (ಎರಡು ಎಂಜಿನ್‌ನ ಟ್ರೇನಿಂಗ್ ವಿಮಾನ) ಹಿಡಿಯಬೇಕು. ಎಲ್ಲ ಸೇರಿ 8 ಲಕ್ಷ 60 ಸಾವಿರ ಹೋಯಿತು. ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ) 16 ಲಕ್ಷ. ಒಟ್ಟು 63 ಲಕ್ಷ 60 ಸಾವಿರ. ಅರ್ಧ ಅಪ್ಪನ ಅಡಿಕೆ ತೋಟದ ದುಡ್ಡು, ಅರ್ಧ ಸಾಲ. ಏರ್‌ಲೈನ್‌ನಿಂದ ಮೊದಲ ಸಂಬಳ ಬಂದಾಗ ನನಗೆ 38 ಆಗಿತ್ತು. ಪ್ರಶ್ನೆ ಕೇಳಿದವರ ವಯಸ್ಸೇ.

ಹಳೇ ಹಾರಾಟ:
ತಂಗೀ, ನಿನಗೆ ಕೆಲಸ ಸಿಕ್ಕಿದ್ದು ಸಂತೋಷ. ಆದರೆ ಒಬ್ಬರಿಗೆ ಸಿಕ್ಕಿತು ಅಂತ ಎಲ್ಲರನ್ನೂ ಹೊರಡಿಸಬೇಡ.

ನಾನು 27ಕ್ಕೆ ಕಲಿತವನು. ಹೊಸ ಏರ್‌ಲೈನ್‌ಗಳು ಸಾಲಾಗಿ ಬಂದ ಕಾಲ ಅದು, ಕೆಲಸವೇ ಹುಡುಕಿಕೊಂಡು ಬಂತು. ಆಮೇಲೆ ನೋಡಿದ್ದು ಕೇಳಿ. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್. 2020ರಲ್ಲಿ ಕೋವಿಡ್. 2023ರ ಮೇನಲ್ಲಿ ಗೋ ಫಸ್ಟ್. ಒಂದೊಂದು ನಿಂತಾಗಲೂ ಸಾವಿರಾರು ಗಂಟೆ ಹಾರಿದ ಪೈಲಟ್‌ಗಳು ಬೀದಿಗೆ ಬರುತ್ತಾರೆ. ಅವರೆಲ್ಲ ಸೇರಿದ ಮೇಲೆ 200 ಗಂಟೆಯವನ ಪಾಳಿ. 2023ರಲ್ಲಿ ಡಿಜಿಸಿಎ ಕೊಟ್ಟ ಸಿಪಿಎಲ್ 1,622. ಅವರೂ ಬಂದು ಸಾಲಿಗೆ ಸೇರಿದರು. ಹೆಚ್ಚಿನವರು ಇಪ್ಪತ್ತರ ಆಚೀಚಿನ ಹುಡುಗರು.

ಪೈಲಟ್ ಕೊರತೆ ಅಂತ ಪೇಪರ್‌ನಲ್ಲಿ ಬರುತ್ತದೆ. 2025ರ ಡಿಸೆಂಬರ್‌ನಲ್ಲಿ ಹೊಸ ಡ್ಯೂಟಿ ನಿಯಮದ ಗಲಾಟೆಯಲ್ಲಿ ಫ್ಲೈಟ್ ರದ್ದಾದಾಗಂತೂ ಎಲ್ಲರ ಬಾಯಲ್ಲೂ ಅದೇ. ಆದರೆ ಕಂಪನಿಗಳು ಹುಡುಕುವುದು ಅನುಭವ ಇರುವವರನ್ನು, ಮುಖ್ಯವಾಗಿ ಕ್ಯಾಪ್ಟನ್‌ಗಳನ್ನು. ಈಗ ತಾನೇ ಲೈಸೆನ್ಸ್ ತಂದವರಿಂದ ಆ ಜಾಗ ತುಂಬುವುದಿಲ್ಲ. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಎಟಿಪಿಎಲ್‌ಗೆ 1,500 ಗಂಟೆ ಬೇಕು. 38ಕ್ಕೆ ಶುರು ಮಾಡಿದವರು ಕಮಾಂಡ್ ತೆಗೆದುಕೊಳ್ಳುವಾಗ ಐವತ್ತರ ಹತ್ತಿರ. 65ಕ್ಕೆ ಮುಗಿಯಿತು. ದುಡ್ಡು ವಾಪಸ್ ಬರುವುದು ಯಾವಾಗ? ಏರ್‌ಲೈನ್‌ಗಳೇ ಆಯ್ದು ತರಬೇತಿ ಕೊಡಿಸುವ ಕೆಡೆಟ್ ಪ್ರೋಗ್ರಾಂಗಳಿಗೆ ವಯಸ್ಸಿನ ಮಿತಿ ಇರುತ್ತದೆ, ಆ ದಾರಿ ಈಗಾಗಲೇ ಮುಚ್ಚಿದೆ.

ಮನೆಯವರ ಪೂರ್ತಿ ಬೆಂಬಲ ಇಲ್ಲದಿದ್ದರಂತೂ ಹೊರಡಲೇಬೇಡಿ.

ಧಾರವಾಡದಾಕಿ:
ಸರ್, ಮನೆಯವರ ಬೆಂಬಲ ಅಂದರೆ ಏನು ಅಂತ ನಾನು ಹೇಳುತ್ತೇನೆ. ನಮ್ಮ ಯಜಮಾನರು 39ಕ್ಕೆ ಹೊರಟರು. ನಾನು ಟ್ಯಾಕ್ಸ್ ಆಫೀಸೊಂದರಲ್ಲಿ ಲೆಕ್ಕ ನೋಡುತ್ತೇನೆ. ಬೆಂಬಲ ಅಂದರೆ ತಿಂಗಳಿಗೆ 56 ಸಾವಿರ.

40 ಲಕ್ಷ ಸಾಲ, 11.5% ಬಡ್ಡಿ, ಹತ್ತು ವರ್ಷ. ಅಡವಿಗೆ ನಮ್ಮ ಮಾವನವರ ಮನೆ. ಕಲಿಯುವಾಗ ಇಎಂಐ ಇಲ್ಲ, ಮೊರಟೋರಿಯಂ ಇದೆ ಅಂತ ಎಲ್ಲರೂ ಹೇಳುತ್ತಾರೆ. ಬಡ್ಡಿ ನಿಲ್ಲುತ್ತದೆಯಾ? ಪೂರ್ತಿ ಸಾಲ ಎತ್ತಿದ ಮೇಲೆ ತಿಂಗಳಿಗೆ 38 ಸಾವಿರ ಬಡ್ಡಿಯೇ ಆಗುತ್ತಿತ್ತು. ಅದನ್ನು ಕಟ್ಟದೆ ಬಿಟ್ಟರೆ ಅಸಲಿಗೆ ಸೇರುತ್ತದೆ ಅಂತ ನಾನೇ ಕಟ್ಟಿದೆ. ಬಡ್ಡಿಗೆ ಆದಾಯ ತೆರಿಗೆಯಲ್ಲಿ 80ಇ ವಿನಾಯಿತಿ ಇದೆ ಅಂತ ಬ್ಯಾಂಕಿನವರು ಹೇಳಿದರು. ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ ಇದ್ದರೆ ಮಾತ್ರ, ಅದೂ ಎಂಟು ವರ್ಷಕ್ಕೆ. ಮತ್ತೆ ಸಾಲ ಯಾರ ಹೆಸರಿನಲ್ಲಿ ಇದೆಯೋ, ಕಟ್ಟುವವರು ಯಾರೋ, ಅದೆಲ್ಲ ನೋಡಬೇಕು. ಅವರಿಗೆ ಆದಾಯವೇ ಇರಲಿಲ್ಲ, ವಿನಾಯಿತಿ ತೆಗೆದುಕೊಂಡು ಏನು ಮಾಡುವುದು? ಸಾಲದಲ್ಲಿ ನಾನೂ ಅರ್ಜಿದಾರಳಾಗಿ ಸಹಿ ಹಾಕಿದ್ದರಿಂದ ನನ್ನ ಸಂಬಳದಲ್ಲಿ ತೋರಿಸಲು ಬಂತು.

ಮಗನ ಟ್ಯೂಷನ್ ಬಿಡಿಸಿದೆ. ನನ್ನ ಬಳೆ ಇನ್ನೂ ಬ್ಯಾಂಕಿನಲ್ಲೇ ಇವೆ. ಅವರು ಈಗ ಒಂದು ಸ್ಕೂಲಿನಲ್ಲಿ ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್, ಗಂಟೆಗಳು ಸೇರುತ್ತಿವೆ. ಆಕಾಶ ನೋಡಿದಾಗ ಅವರ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು, ಅದಕ್ಕೇ ಸಹಿ ಹಾಕಿದೆ. ಆದರೆ ಬೆಂಬಲ ಅನ್ನುವ ಒಂದು ಮಾತಿನಲ್ಲಿ ಇದನ್ನೆಲ್ಲ ಮುಗಿಸಬೇಡ್ರಿ.

ಇನ್ನೊಂದು, ಮೇಲೆ ಮಾಜಿ ಬ್ಯಾಂಕಿಗರು 18% ಜಿಎಸ್‌ಟಿ ಬರೆದಿದ್ದಾರೆ. ಅದು ಈಗ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್‌ನ 54ನೇ ಸಭೆಯಲ್ಲೇ ಇದು ಸ್ಪಷ್ಟವಾಗಿದೆ. ಡಿಜಿಸಿಎ ಒಪ್ಪಿದ ಸ್ಕೂಲಿನ, ಡಿಜಿಸಿಎ ಒಪ್ಪಿದ ಫ್ಲೈಯಿಂಗ್ ಕೋರ್ಸ್‌ಗೆ ವಿನಾಯಿತಿ. ಹೊಸಬರಿಗೆ ತಪ್ಪು ಲೆಕ್ಕ ಕೊಡಬೇಡಿ.

ಮಾಜಿ ಬ್ಯಾಂಕಿಗ:
ಮೇಡಂ, ತಪ್ಪು ಲೆಕ್ಕ ಅಲ್ಲ ಅದು, ನಾನು ಕಟ್ಟಿದ ಲೆಕ್ಕ. ರಸೀದಿ ಇದೆ. ನಾನು ಸೇರಿದ್ದು 2022ರಲ್ಲಿ. ಹಾಸ್ಟೆಲ್, ಯೂನಿಫಾರ್ಮ್, ಸಿಮ್ಯುಲೇಟರ್ ಅಂತ ಬಿಲ್ ಒಡೆದು ಈಗಲೂ ಟ್ಯಾಕ್ಸ್ ಹಾಕುವವರು ಇದ್ದಾರೆ. ಕೌನ್ಸಿಲ್ ಹೇಳಿದ್ದು ಕಾಗದದಲ್ಲಿ ಇರುತ್ತದೆ, ಕೌಂಟರ್‌ನಲ್ಲಿ ಕೂತವನು ಹೇಳುವುದು ಬೇರೆ.

ಬಾನಾಡಿ ಅವರಿಗೂ ಒಂದು ಮಾತು. ವಾರಕ್ಕೆ ಐದು ದಿನ ನೀಲಿ ಆಕಾಶದಲ್ಲಿ ಹಾರಿದವರಿಗೆ ನಮ್ಮ ಮಳೆಗಾಲ ಏನು ಗೊತ್ತು? ಇಲ್ಲಿ ಕಲಿತವನು ಇಲ್ಲಿನ ಹವಾಮಾನ, ಇಲ್ಲಿನ ಆರ್‌ಟಿ (ರೇಡಿಯೋ ಮಾತು), ಇಲ್ಲಿನ ಕಂಟ್ರೋಲರ್ ಎಲ್ಲ ಕಲಿತೇ ಬರುತ್ತಾನೆ.

ಬಾನಾಡಿ:
ಅಣ್ಣಾ, ಇದು ಸರಿಯಲ್ಲ. ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಎರಡೂ ತುದಿಯಲ್ಲಿ ಕಣಿವೆ. ಜುಲೈನಲ್ಲಿ ಅಲ್ಲಿಗೆ ಹೋಗಿದ್ದೇನೆ. ವೈಪರ್ ಫುಲ್ ಸ್ಪೀಡ್, ಮಿನಿಮಾದವರೆಗೆ (ರನ್‌ವೇ ಕಾಣದೆ ಇಳಿಯಬಹುದಾದ ಕೊನೆಯ ಎತ್ತರ) ಬರೀ ಬೂದು ಬಣ್ಣ, ಲೈಟ್ ಕಾಣಲಿಲ್ಲ ಅಂದರೆ ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲಕ್ಕೆ, ಬೇರೆ ಮಾತಿಲ್ಲ. ಇದನ್ನು ಸೆಸ್ನಾ 152ರಲ್ಲಿ ಯಾರೂ ಕಲಿಯುವುದಿಲ್ಲ, ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಮಳೆ ಬಂದರೆ ನಿಮ್ಮ ಸ್ಕೂಲಿನಲ್ಲಿ ಹಾರಿಸುತ್ತಲೇ ಇರಲಿಲ್ಲ ಅಂತ ನೀವೇ ಮೇಲೆ ಬರೆದಿದ್ದೀರಿ. ಹೊರದೇಶದಲ್ಲಿ ಕಲಿತವರು ಅಂದರೆ ದುಡ್ಡು ಕೊಟ್ಟು ಲೈಸೆನ್ಸ್ ತಂದವರು ಅನ್ನುವ ಹಾಗೆ ಮಾತಾಡುವುದನ್ನು ಸಾಕಷ್ಟು ಕೇಳಿದ್ದೇನೆ. ಇಂಟರ್‌ವ್ಯೂನಲ್ಲೂ ಕೇಳಿದ್ದೇನೆ. ನನಗೆ ಅದು ಇನ್ನೂ ನೋಯುತ್ತದೆ.

ಕರಾವಳಿ 41:
ಜಗಳ ಆಮೇಲೆ. ಸಿಪಿಎಲ್‌ಗೆ ಬೇಕಾದ ಕ್ಲಾಸ್ 1 ಮೆಡಿಕಲ್ ಬಗ್ಗೆ ಯಾರೂ ಮಾತೇ ಆಡಲಿಲ್ಲವಲ್ಲ! ಕ್ಲಾಸ್ 2 ಆಗಿದೆ ಅಂತ ಸೈಟ್ ಮಾರಲು ಹೊರಟಿದ್ದೀರಾ? ಬೇಡ ಮಾರಾಯ್ರೆ.

ನನಗೆ ಕ್ಲಾಸ್ 2 ಸಲೀಸಾಗಿ ಆಯಿತು. ಫೈಲ್ ನಂಬರ್ ಬಂತು. ಕ್ಲಾಸ್ 1ಕ್ಕೆ ಹೋದೆ. ರಕ್ತ, ಮೂತ್ರ, ಎಕ್ಸ್‌ರೇ, ಇಸಿಜಿ, ಕಿವಿ, ಕಣ್ಣು ಎಲ್ಲ ಸರಿ. ಹೊಟ್ಟೆಯ ಸ್ಕ್ಯಾನ್ ಮಾಡುವ ಡಾಕ್ಟರ್ ಒಂದೇ ಕಡೆ ಪ್ರೋಬ್ ಒತ್ತಿ ಸುಮ್ನೆ ಪರದೆ ನೋಡುತ್ತಾ ಇದ್ದರು. ಎಡ ಕಿಡ್ನಿಯಲ್ಲಿ ಸಣ್ಣ ಕಲ್ಲು. ನನಗೆ ಒಂದು ದಿನ ನೋವು ಬಂದಿಲ್ಲ. ಆದರೂ ತಾತ್ಕಾಲಿಕ ಅನ್‌ಫಿಟ್. ಕಾಕ್‌ಪಿಟ್‌ನಲ್ಲಿ ಕೂತಾಗ ಆ ಕಲ್ಲು ಜಾರಿದರೆ ಏನು ಗತಿ, ಅವರ ಲೆಕ್ಕ ಅದು. ನ್ಯಾಯವೇ.

ಕಲ್ಲು ತೆಗೆಸಲು 70 ಸಾವಿರ. ವಿಮೆಯವರು ಅರ್ಧ ಕೊಟ್ಟರು. ಮತ್ತೆ ಸ್ಕ್ಯಾನ್, ಯೂರಾಲಜಿಸ್ಟ್ ಪತ್ರ, ಮತ್ತೆ ಅಪಾಯಿಂಟ್‌ಮೆಂಟ್. ಈಗ ಫಿಟ್. ಈ ಎಲ್ಲ ಆಗುವಾಗ ನಾನು ಕೆಲಸದಲ್ಲೇ ಇದ್ದೆ, ಸ್ಕೂಲಿಗೆ ಒಂದು ರೂಪಾಯಿ ಕಟ್ಟಿರಲಿಲ್ಲ. ನನ್ನ ಜೊತೆ ಸಾಲಿನಲ್ಲಿ ಕೂತಿದ್ದ ಒಬ್ಬರು 15 ಲಕ್ಷ ಅಡ್ವಾನ್ಸ್ ಕಟ್ಟಿ ಬಂದಿದ್ದರು, ಅವರದ್ದು ಹೃದಯದ ವಿಷಯ. ಏನಾಯಿತೋ ಕೇಳಲು ನನಗೆ ಮನಸ್ಸು ಬರಲಿಲ್ಲ.

ಬೆಂಗಳೂರಿನವರಿಗೆ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಊರಲ್ಲೇ ಇದೆ. ಸ್ಲಾಟ್ ಸಿಗುವುದು ತಡ ಅಂತ ಗೊಣಗಬೇಡಿ, ಕಾಯಿರಿ. ಲೈಸೆನ್ಸ್ ಬಂದ ಮೇಲೂ ಮೆಡಿಕಲ್ ನವೀಕರಿಸುತ್ತಲೇ ಇರಬೇಕು. ನಮ್ಮ ವಯಸ್ಸಿನಲ್ಲಿ ಬಿಪಿ, ಶುಗರ್ ಯಾವಾಗ ಬಂದು ಕೂರುತ್ತದೋ ಯಾರಿಗೆ ಗೊತ್ತು? ಮೆಡಿಕಲ್ ಹೋಗಿ ಹಾರಲಾಗದಿದ್ದರೆ ದುಡ್ಡು ಕೊಡುವ ಲಾಸ್ ಆಫ್ ಲೈಸೆನ್ಸ್ ವಿಮೆಯ ಬಗ್ಗೆ ಈಗಲೇ ಓದಿಕೊಳ್ಳಿ.

ಹೊಸ ಹಾದಿ:
ಎಲ್ಲರಿಗೂ ಧನ್ಯವಾದ. ಕ್ಲಾಸ್ 1 ಮೊದಲು ಅನ್ನುವುದು ಗೊತ್ತಾಯಿತು. ಸೈಟ್ ಮಾರಿದ 35 ಲಕ್ಷ, 25 ಲಕ್ಷ ಸಾಲ, ಇಷ್ಟರಲ್ಲಿ ಟೈಪ್ ರೇಟಿಂಗ್ ಕೂಡ ಆಗುತ್ತದಾ? ಕಲಬುರಗಿ, ಬೆಳಗಾವಿಯಲ್ಲಿ ಏರ್‌ಪೋರ್ಟ್ ಅಥಾರಿಟಿ ಜಾಗದಲ್ಲಿ ಫ್ಲೈಯಿಂಗ್ ಸ್ಕೂಲ್ ಬಂದಿವೆ ಅಂತ ಕೇಳಿದ್ದೆ. ವಾರಕ್ಕೊಮ್ಮೆ ಮನೆಗೆ ಬರಬಹುದು ಅನ್ನುವ ಆಸೆ. ಅಲ್ಲಿ ಕಲಿತವರು ಯಾರಾದರೂ ಇದ್ದೀರಾ?

ಮಾಜಿ ಬ್ಯಾಂಕಿಗ:
ಟೈಪ್ ರೇಟಿಂಗ್ ಈಗಲೇ ಮಾಡಬೇಡಿ. ನನ್ನ ಬ್ಯಾಚಿನವನೊಬ್ಬ ಕೆಲಸ ಇಲ್ಲದೆ ಏರ್‌ಬಸ್ 320 ರೇಟಿಂಗ್ ಮಾಡಿಸಿದ. 14 ಲಕ್ಷ. ಕೆಲಸ ಸಿಗದೆ ರೇಟಿಂಗ್ ಚಾಲ್ತಿ ತಪ್ಪಿತು. ಮತ್ತೆ ಸಿಮ್ಯುಲೇಟರ್‌ಗೆ ಗಂಟೆ ಲೆಕ್ಕದಲ್ಲಿ ಕಟ್ಟಿ ಜೀವಂತ ಇಟ್ಟುಕೊಳ್ಳಬೇಕಾಯಿತು. ಅವನು ರೇಟಿಂಗ್ ಮಾಡಿಸಿದ ಮೇಲೆ ಬಂದ ಜಾಹೀರಾತು ಎಟಿಆರ್‌ಗೆ.

ಹಳೇ ಹಾರಾಟ:
ಇದನ್ನು ಒಪ್ಪುವುದಿಲ್ಲ. ರೇಟಿಂಗ್ ಇದ್ದವರನ್ನು ಮೊದಲು ಕರೆದ ಕಾಲವೂ ಇತ್ತು. ನನ್ನ ಜೊತೆ ಹಾರಿದ ಎಷ್ಟೋ ಹುಡುಗರು ಹಾಗೇ ಬಂದವರು. ಪಾಠ ಮಾಡುವವರು ನೇಮಕಾತಿಯ ವಿಷಯ ಹೇಳುವಾಗ ಸ್ವಲ್ಪ ಯೋಚಿಸಿ.

ಮಾಜಿ ಬ್ಯಾಂಕಿಗ:
ಪಾಠ ಮಾಡುವವರು ಅಂದರೆ ಏನರ್ಥ ಸರ್? ನನ್ನ ಪಾಠ ಕೇಳಿದವರು ಇವತ್ತು ನಿಮ್ಮ ಪಕ್ಕದ ಸೀಟಿನಲ್ಲಿ ಕೂತಿರಬಹುದು. 1,622 ಅಂತ ಅಂಕಿ ಹೇಳಿದಿರಿ, ಆ ಅಂಕಿಯೊಳಗೆ ನನ್ನ ಹೆಸರೂ ಇದೆ. ನೀವು ಸೇರಿದಾಗ ಈ ಸಾಲೇ ಇರಲಿಲ್ಲ. ಕಾದು ಗೊತ್ತಿಲ್ಲದವರು ಕಾಯುವವರ ಬಗ್ಗೆ ಹಗುರವಾಗಿ ಮಾತಾಡಬಾರದು.

ಹಳೇ ಹಾರಾಟ:
ಹಗುರವಾಗಿ ಮಾತಾಡಿಲ್ಲ. ಕೋವಿಡ್‌ನಲ್ಲಿ ತಿಂಗಳುಗಟ್ಟಲೆ ಅರ್ಧ ಸಂಬಳದಲ್ಲಿ ಮನೆ ನಡೆಸಿದ್ದೇನೆ. ಮಗಳ ಕಾಲೇಜು ಫೀಸ್‌ಗೆ ಎಫ್‌ಡಿ ಮುರಿಸಿದ್ದೇನೆ. ಕ್ಯಾಪ್ಟನ್ ಅಂದರೆ ಕಷ್ಟ ಗೊತ್ತಿಲ್ಲ ಅಂತ ಅಂದುಕೊಳ್ಳಬೇಡಿ. ಇನ್ನೊಂದು ಮನೆ ಹಾಗಾಗಬಾರದು ಅಂತಲೇ ಗಟ್ಟಿಯಾಗಿ ಹೇಳುವುದು.

ಬಾನಾಡಿ:
ಹೊಸ ಹಾದಿ ಅವರೇ, ನನ್ನ ಲೆಕ್ಕ ನೋಡಿದರೆ 60 ಲಕ್ಷದಲ್ಲಿ ಟೈಪ್ ರೇಟಿಂಗ್ ಸೇರಿ ಮುಗಿಸುವುದು ಕಷ್ಟ, ಮುಗಿದರೂ ಕೈಯಲ್ಲಿ ಏನೂ ಉಳಿಯುವುದಿಲ್ಲ. ನನ್ನನ್ನು ದಾಟಿಸಿದ್ದು ಕನ್ವರ್ಷನ್ ಮುಗಿದು ಕರೆ ಬರುವವರೆಗೆ ಮನೆ ನಡೆಸಲು ಬೇರೆ ಇಟ್ಟಿದ್ದ 9 ಲಕ್ಷ. ಮೇಲಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ. ಅದು ಇಲ್ಲದಿದ್ದರೆ ನಾನೂ ಲ್ಯಾಬ್‌ಗೆ ವಾಪಸ್ ಹೋಗಿರುತ್ತಿದ್ದೆ. ಕಲಬುರಗಿ, ಬೆಳಗಾವಿ ಎರಡೂ ಕಡೆ ಹಾರಿದ್ದೇನೆ, ಟ್ರೇನಿಂಗ್ ವಿಮಾನಗಳು ಸರ್ಕ್ಯೂಟ್‌ನಲ್ಲಿ ಸುತ್ತುವುದನ್ನು ಕಂಡಿದ್ದೇನೆ. ಅಲ್ಲಿ ಕಲಿತವರು ನನಗೆ ಗೊತ್ತಿಲ್ಲ. ಹೋಗಿ ಒಂದು ವಾರ ಗೇಟಿನ ಹೊರಗೆ ನಿಂತು ದಿನಕ್ಕೆ ಎಷ್ಟು ವಿಮಾನ ಏಳುತ್ತವೆ ಅಂತ ನೋಡಿ. ಬ್ರೋಷರ್‌ಗಿಂತ ಅದು ಜಾಸ್ತಿ ಹೇಳುತ್ತದೆ.

ಕರಾವಳಿ 41:
ಗೇಟಿನ ಹೊರಗೆ ನಿಂತರೆ ಸೆಕ್ಯುರಿಟಿಯವರು ಬಿಡುತ್ತಾರಾ ಅಕ್ಕ? ನೇರವಾಗಿ ಒಳಗೆ ಕೇಳಿ: ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ, ಎಷ್ಟು ವಿದ್ಯಾರ್ಥಿಗಳು, ಕಳೆದ ತಿಂಗಳು ಒಟ್ಟು ಎಷ್ಟು ಗಂಟೆ ಹಾರಿದವು. ಬರೆದುಕೊಡಿ ಅನ್ನಿ.

ಮಾಜಿ ಬ್ಯಾಂಕಿಗ:
ಬರೆದುಕೊಡುತ್ತಾರೆ. ನನಗೂ ಬರೆದುಕೊಟ್ಟಿದ್ದರು. ಫೋರ್ಸ್ ಮಜೂರ್ (ಕೈಮೀರಿದ ಕಾರಣ) ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು. ಹವಾಮಾನ, ಸ್ಪೇರ್ ಪಾರ್ಟ್ಸ್, ಇಂಧನ ಎಲ್ಲ ಅದರೊಳಗೆ. ಆಗ ಆವ್‌ಗ್ಯಾಸ್ (ಸಣ್ಣ ವಿಮಾನಗಳ ಪೆಟ್ರೋಲ್) ಹೊರಗಿನಿಂದ ಬರುತ್ತಿತ್ತು, ಸ್ಟಾಕ್ ಇಲ್ಲ ಅಂತ ವಾರಗಟ್ಟಲೆ ನಿಲ್ಲಿಸಿದರು.

ಧಾರವಾಡದಾಕಿ:
2022ರ ಸೆಪ್ಟೆಂಬರ್‌ನಲ್ಲೇ ಇಂಡಿಯನ್ ಆಯಿಲ್ ಇಲ್ಲೇ ಆವ್‌ಗ್ಯಾಸ್ ತಯಾರಿಸಿ ಕೊಡಲು ಶುರು ಮಾಡಿದೆ. ನಿಮ್ಮ ಕಥೆ ಎಲ್ಲ ಹಳೆಯದು, ಹೊಸಬರಿಗೆ ಈಗಿನದು ಹೇಳ್ರಿ.

ಮಾಜಿ ಬ್ಯಾಂಕಿಗ:
ಮೇಡಂ, ಹಳೆಯದಾದರೂ ದುಡ್ಡು ನನ್ನದೇ. ಅದರ ಸಾಲ ಇನ್ನೂ ಹಳೆಯದಾಗಿಲ್ಲ, ಪ್ರತಿ ತಿಂಗಳು 5ನೇ ತಾರೀಕು ಕಟ್ಟುತ್ತಿದ್ದೇನೆ.

ಧಾರವಾಡದಾಕಿ:
ನಮ್ಮದು 7ನೇ ತಾರೀಕು. ನಿಮ್ಮ ಮೇಲೆ ಸಿಟ್ಟು ಇಲ್ಲ ಸರ್. ಜಿಎಸ್‌ಟಿ ರಸೀದಿಗಳನ್ನು ಎತ್ತಿಡಿ, ಕೋರ್ಸ್ ಫೀಸ್ ಯಾವುದು, ಹಾಸ್ಟೆಲ್ ಯಾವುದು ಅಂತ ಬೇರೆ ಬೇರೆ ಮಾಡಿ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ತೋರಿಸಿ ಕೇಳುತ್ತೇನೆ. ಏನೂ ಬರುತ್ತದೆ ಅಂತ ಮಾತು ಕೊಡುವುದಿಲ್ಲ.